ಹೆಂಡತಿಯ ಸಂಬಳಕ್ಕೆ ನನ್ನ ಚೌಕಾಸಿ

ಯಾರಾದರೂ ಬೆಲೆ ಹೇಳಿದ ಕೂಡಲೇ ನಂಬಿ ದುಡ್ಡು ತೆಗೆಯುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ನಾನು ಆ ಪೈಕಿ ಅಲ್ಲ. ಹಾಲಿನವನ ಹಾಲಿಗೆ ಬೆರಳದ್ದಿ ನೋಡುತ್ತೇನೆ. ಗಾಂಧಿಬಜಾರಿನಲ್ಲಿ ಕೊಂಡ ಹುರುಳಿಕಾಯಿಯನ್ನು ಪಕ್ಕದ ಅಂಗಡಿಯ ತಕ್ಕಡಿಯಲ್ಲಿ ಮತ್ತೊಮ್ಮೆ ತೂಗಿಸುತ್ತೇನೆ. ಕಾಫಿ ಕೊಟ್ಟು ಮಾತಾಡಿಸುವ ಅಂಗಡಿಯವರ ಮೇಲಂತೂ ನನಗೆ ಭಾರಿ ಗುಮಾನಿ. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಕಾಫಿ ಲೋಟ ಕೈಗೆ ಬಂತೆಂದರೆ ಅದರ ದುಡ್ಡು ಸೀರೆಯ ಬೆಲೆಯಲ್ಲಿ ಸೇರಿತು ಎಂದೇ ಅರ್ಥ. ಅಂಥ ಕಡೆ ನನ್ನ ಮಂತ್ರ ಒಂದೇ. ಅವರು ಬೆಲೆ ಹೇಳಿ ಮುಗಿಸುವ ಮೊದಲೇ "ಜಾಸ್ತಿ ಆಯ್ತು" ಎನ್ನುವುದು, ಎದ್ದು ನಿಲ್ಲುವುದು, ಚಪ್ಪಲಿ ಹುಡುಕುವುದು. ಚಪ್ಪಲಿಗೆ ಕಾಲು ತೂರಿಸುವಷ್ಟರಲ್ಲಿ ಬೆಲೆ ಇಳಿದಿರುತ್ತದೆ. ಈ ವಿದ್ಯೆ ಕಲಿಸಿದವರು ನನ್ನ ಸೋದರತ್ತೆ. ಆಕೆ ಬಸ್ ಕಂಡಕ್ಟರನ ಹತ್ತಿರವೂ ಚೌಕಾಸಿ ಮಾಡಿದವರು.

ನನ್ನ ಹೆಂಡತಿ ಜಯಮ್ಮ ಆಪರೇಷನ್ ಥಿಯೇಟರಿನ ನರ್ಸು. ಅವಳ ಗುಮಾನಿ ಬೇರೆ ತರಹದ್ದು. ಹೊಟ್ಟೆ ಕೊಯ್ದ ಮೇಲೆ ಒಳಗೆ ಹೋದ ಬಟ್ಟೆಚೂರು, ಕತ್ತರಿ, ಇಕ್ಕಳ ಎಲ್ಲ ಹೊರಗೆ ಬಂದವೇ ಎಂದು ಎಣಿಸುವುದು ಅವಳ ಕೆಲಸ. ಒಂದು ಕಡಿಮೆ ಬಂದರೂ, ಡಾಕ್ಟರು ಎಷ್ಟೇ ಕೂಗಾಡಲಿ, ಹೊಲಿಗೆ ಹಾಕುವಂತಿಲ್ಲ. ಆ ಅಭ್ಯಾಸ ಚಾಮರಾಜಪೇಟೆಯ ನಮ್ಮ ಮನೆಗೂ ಬಂದಿದೆ. ಊಟವಾದ ಮೇಲೆ ಅವಳು ಚಮಚ ಎಣಿಸುತ್ತಾಳೆ. ಲೆಕ್ಕ ಸರಿಹೋಗುವವರೆಗೆ ಯಾರೂ ಏಳಬಾರದು. ಒಮ್ಮೆ ಊಟಕ್ಕೆ ಬಂದಿದ್ದ ನಮ್ಮ ಆಫೀಸಿನ ಹೆಡ್‌ಕ್ಲರ್ಕು ಒಣಗಿದ ಎಂಜಲು ಕೈಯನ್ನು ಎತ್ತಿ ಹಿಡಿದುಕೊಂಡೇ ಕೂತಿದ್ದರು. ಲೆಕ್ಕಕ್ಕೆ ಸಿಗದ ಚಮಚ ಕೊನೆಗೆ ಸಾರಿನ ಪಾತ್ರೆಯ ತಳದಲ್ಲಿ ಸಿಕ್ಕಿತು. ಅವರು ಮತ್ತೆ ನಮ್ಮ ಮನೆಗೆ ಊಟಕ್ಕೆ ಬರಲಿಲ್ಲ.

ಎಮರ್ಜೆನ್ಸಿ ಮುಗಿದ ಹೊಸತರಲ್ಲಿ ಬಸವನಗುಡಿಯಲ್ಲಿ ಒಂದು ನರ್ಸಿಂಗ್ ಹೋಂ ತೆರೆಯಿತು. ಅಲ್ಲಿನ ಡಾಕ್ಟರು ಜಯಮ್ಮನನ್ನು ಕೆಲಸಕ್ಕೆ ಕರೆದರು. ಸಂಬಳದ ಮಾತಿಗೆ ಮಾತ್ರ "ನಿಮ್ಮ ಯಜಮಾನ್ರನ್ನ ಕರ್ಕೊಂಡು ಬನ್ನಿ" ಎಂದರಂತೆ. ಆಗೆಲ್ಲ ಹಾಗೇ, ದುಡಿಯುವವಳು ಹೆಂಡತಿ, ಮಾತಾಡುವವನು ಗಂಡ.

"ಅವರು ನಾನೂರು ಅಂತಾರೆ. ನೀವು ಐನೂರು ಅಂತ ಹೇಳಿ ಬಾಯಿ ಮುಚ್ಕೊಂಡಿರಿ" ಎಂದು ಹಿಂದಿನ ದಿನವೇ ಪಾಠ ಹೇಳಿಕೊಟ್ಟಳು. "ವಾರ್ಡಿನ ನರ್ಸುಗಳು ನಡುವೆ ಒಂದು ಗಳಿಗೆ ಕೂರ್ತಾರೆ ರೀ. ಥಿಯೇಟರಿನ ನಾವು ಆಪರೇಷನ್ ಮುಗಿಯೋವರೆಗೂ ನಿಂತೇ ಇರ್ಬೇಕು. ಇಬ್ರಿಗೂ ಒಂದೇ ಸಂಬಳ ಅಂದ್ರೆ ನಾನು ಹೋಗಲ್ಲ." ಅವಳ ಮೀನಖಂಡದಲ್ಲಿ ನರಗಳು ಗಂಟುಗಂಟಾಗಿದ್ದವು. ರಾತ್ರಿ ಎಣ್ಣೆ ತಿಕ್ಕಿಕೊಳ್ಳುವಾಗ ನೋಡಿದ್ದೆ. ಸಂಕಟವಾಗುತ್ತಿತ್ತು.

ಮಾರನೆಯ ದಿನ ಡಾಕ್ಟರ ಕೋಣೆಯಲ್ಲಿ ಕೂತೆವು. ಕೂತ ಕೂಡಲೇ ಕಾಫಿ ಬಂತು, ಜತೆಗೆ ಮೈಸೂರುಪಾಕು. ನನ್ನ ಕಿವಿ ನೆಟ್ಟಗಾಯಿತು. ಡಾಕ್ಟರು ನನ್ನ ಆಫೀಸು, ಮನೆದೇವರು ಎಲ್ಲ ವಿಚಾರಿಸಿದರು. ಈ ಮನುಷ್ಯ ಸಾಚಾ ಅಲ್ಲ ಎಂದು ನಿರ್ಧರಿಸಿಬಿಟ್ಟೆ. ಕೊನೆಗೆ ಮುಂದಕ್ಕೆ ಬಾಗಿ, ದನಿ ತಗ್ಗಿಸಿ ಹೇಳಿದರು: "ನೋಡಿ, ಬೇರೆಯವರಿಗೆ ಈ ರೇಟು ಹೇಳೋದೇ ಇಲ್ಲ. ನಿಮಗೋಸ್ಕರ ಅಂತ, ನಾನೂರು..."

"ಜಾಸ್ತಿ ಆಯ್ತು!" ಎಂದೆ. ಎಂದವನೇ ಎದ್ದು ನಿಂತು, ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಗೆ ಕಾಲು ತೂರಿಸಿದೆ.

ಡಾಕ್ಟರು ಒಂದು ಕ್ಷಣ ನನ್ನನ್ನೇ ನೋಡಿದರು. ಅವರೇನು ದಡ್ಡರೇ? "ಆಗ್ಲಿ, ಮುನ್ನೂರೈವತ್ತು ಮಾಡೋಣ" ಎಂದರು. ಐವತ್ತು ರೂಪಾಯಿ ಇಳಿಸಿದೆನಲ್ಲ ಎಂದು ನನಗೆ ಹಿಗ್ಗೋ ಹಿಗ್ಗು. ಜಂಬದಿಂದ ಜಯಮ್ಮನ ಕಡೆ ತಿರುಗಿದೆ. ಅವಳ ಮುಖ ನೋಡಿದ ಮೇಲೆ ನಾನು ಇಳಿಸಿದ್ದು ಯಾವುದನ್ನು ಎಂದು ತಲೆಗೆ ಹೋಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವಳು ಕೂತಲ್ಲಿಂದ ಏಳಲಿಲ್ಲ. "ಡಾಕ್ಟ್ರೇ, ಲೆಕ್ಕ ತಪ್ಪಿದ್ರೆ ನೀವು ಹೊಲಿಗೆ ಹಾಕ್ತೀರಾ?" ಎಂದಳು.

"ಛೆ ಛೆ, ಎಲ್ಲಾದ್ರೂ ಉಂಟೇ!"

"ಇಲ್ಲೂ ತಪ್ಪಿದೆ. ನಾವಿಬ್ರೂ ಮೊದಲಿಂದ ಎಣಿಸೋಣ. ರೀ, ನೀವು ಹೆಂಗೂ ಚಪ್ಪಲಿ ಹಾಕ್ಕೊಂಡಿದೀರಿ, ಹೊರಗೆ ಕೂತಿರಿ."

ಹೊರಗಿನ ಬೆಂಚಿನಲ್ಲಿ ಕೂತು ಬಾಗಿಲಿಗೆ ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ. ಅವಳು ಹೊರಗೆ ಬಂದಾಗ ಕೈಯಲ್ಲಿ ನನ್ನ ಪಾಲಿನ ಮೈಸೂರುಪಾಕಿತ್ತು. ಅರ್ಧ ತಿಂದಿದ್ದಳು.

"ಎಷ್ಟಕ್ಕೆ ಒಪ್ಪಿದ್ರು?" ಗಾಂಧಿಬಜಾರ್ ದಾಟುವವರೆಗೂ ಕೇಳಿದೆ.

"ಹೇಳಲ್ಲ. ಹೇಳಿದ್ರೆ ಜಾಸ್ತಿ ಆಯ್ತು ಅಂತೀರಿ."

ಎಷ್ಟೆಂದು ಇವತ್ತಿಗೂ ಹೇಳಿಲ್ಲ. ಆಗ ಮನೆಗೆ ಬರುತ್ತಿದ್ದ ಕಾಫಿಪುಡಿಯ ವಾಸನೆಯಿಂದ, ದೀಪಾವಳಿಯ ಸೀರೆಯ ಅಂಚಿನಿಂದ ಊಹಿಸಲು ನೋಡುತ್ತಿದ್ದೆ. ಐನೂರಕ್ಕೂ ಮೇಲೆಯೇ ಇದ್ದಿರಬೇಕೆಂದು ನನ್ನ ಗುಮಾನಿ.

ಮೊದಲ ಸಂಬಳ ಬಂದ ದಿನ ಅವಳು ಮೆತ್ತನೆಯ ಚಪ್ಪಲಿ ಕೊಂಡು ತಂದಳು, ಇಡೀ ದಿನ ನಿಲ್ಲುವ ಕಾಲಿಗೆಂದು. ಅಭ್ಯಾಸಬಲದಿಂದ ಎತ್ತಿ, ತಿರುಗಿಸಿ, ಅಟ್ಟೆ ಒತ್ತಿ ಬೆಲೆ ಕೇಳಿದೆ. ಹೇಳಿದಳು. ನನ್ನ ಬಾಯಿ ತಾನಾಗಿ ತೆರೆಯಿತು. ಕಷ್ಟಪಟ್ಟು ಮುಚ್ಚಿಕೊಂಡು, "ಸರಿಯಾದ ಬೆಲೆಯೇ ಕಣೇ" ಎಂದೆ.

ಜಯಮ್ಮ ನನ್ನನ್ನು ಗುಮಾನಿಯಿಂದ ದಿಟ್ಟಿಸಿದಳು. ಹತ್ತಿರ ಬಂದು ಹಣೆ ಮುಟ್ಟಿ ನೋಡಿದಳು. ಆಮೇಲೆ ಒಳಗೆ ಹೋಗಿ ಥರ್ಮಾಮೀಟರ್ ತಂದಳು.