ನಾನು, ಜೀಪು ಮತ್ತು ನ್ಯಾನೊ ನೀರು

ಜೀಪು ಓಡಿಸುವವನಿಗೆ ತಮಾಷೆಗಳು ದನಗಳ ಹಾಗೆ ರಸ್ತೆಗೇ ಅಡ್ಡ ಬರುತ್ತವೆ. ಹಾರ್ನ್ ಹೊಡೆದರೂ ಸರಿಯುವುದಿಲ್ಲ. ನಾನಂತೂ ಸಾಮಾನ್ಯ ಡ್ರೈವರ್ ಅಲ್ಲ. ಕಾಲೇಜಿನ ಮೇಡಮ್ ಒಬ್ಬರು ಇಂಗಾಲದ ನ್ಯಾನೊ ನಳಿಕೆಗಳಿಂದ ನೀರಿನೊಳಗಿನ ಸೀಸ, ಕ್ರೋಮಿಯಂ ತೆಗೆಯುವ ಯಂತ್ರ ಮಾಡಿದ್ದಾರಲ್ಲ, ಅದರಲ್ಲಿ ಅರ್ಧ ಪಾಲು ನನ್ನದು. ಅವರು ಬುದ್ಧಿ ಹಾಕಿದರು, ನಾನು ಡೀಸೆಲ್ ಹಾಕಿದೆ.

ಯಂತ್ರ ಇದ್ದದ್ದು ಒಂದೇ. ಊರೂರಿನ ನೀರು ಪರೀಕ್ಷಿಸಿ, ಎಲ್ಲಿ ಭಾಳ ಕೆಟ್ಟಿದೆಯೋ ಅಲ್ಲಿ ಅದನ್ನು ಕೂರಿಸುವುದು. ಸೇಡಂ ಹಾದಿಯಲ್ಲಿ ನನ್ನ ಅತ್ತೆಯ ಊರು. ಅಲ್ಲಿನ ಬೋರ್‌ವೆಲ್ ಮೇಲೆ ಮೇಡಮ್‌ಗೆ ಮೊದಲಿಂದಲೂ ಅನುಮಾನ. ನಾನು ತಡೆಯದೆ ಅತ್ತೆಗೆ ಮಾತು ಕೊಟ್ಟುಬಿಟ್ಟೆ: "ಯಂತ್ರ ನಿಮ್ಮ ಓಣಿಗೇ ಬರ್ತದ. ಮೇಡಮ್ ನನ್ನ ಮಾತು ಮೀರೂದಿಲ್ಲ."

ಶಹಾಬಾದಿನ ವಿಜ್ಞಾನಿ

ಚಹಾ ಅಂಗಡಿಯಲ್ಲಿ ಯಂತ್ರಕ್ಕೆ ಹಾಕುವ ಕರಿ ಪುಡಿಯ ಡಬ್ಬಿ ತೆಗೆದು ಭಾಷಣ ಶುರು ಮಾಡಿದೆ. "ಇದರಾಗಿನ ಒಂದೊಂದು ನಳಿಕೆ, ತಲೆಗೂದಲು ಸಾವಿರಾರು ಸೀಳು ಮಾಡಿದಷ್ಟು ಸಣ್ಣ. ಸೀಸ ಬಂತಂದ್ರ ಗಪ್ಪಂತ ಹಿಡೀತದ."

ಅಂಗಡಿಯವನು ಡಬ್ಬಿಯೊಳಗೆ ಇಣುಕಿದ. ಒಲೆಯ ಹಿಂದಿನ ಮಸಿ ಹಿಡಿದ ಗೋಡೆ ನೋಡಿದ. ಮತ್ತೆ ಡಬ್ಬಿ ನೋಡಿದ.

"ಕಾಕಾ, ಹಂಗಾದ್ರ ನಮ್ಮಪ್ಪನ ಕಾಲದಿಂದ ನಾವೂ ವಿಜ್ಞಾನಿಗಳೇ ಆದ್ವಲ್ರಿ!"

ವಾಡಿಯ ತಕ್ಕಡಿ

ಗುಜರಿ ವ್ಯಾಪಾರಿಯೊಬ್ಬ ಜೀಪಿಗೆ ಕೈ ಅಡ್ಡ ಹಿಡಿದ. "ನೀರಿನಾಗಿಂದ ಸೀಸ ತೆಗೀಲಿಕತ್ತೀರಂತ? ಬ್ಯಾರೆಯವರಿಗೆ ಕೊಡಬ್ಯಾಡ್ರಿ, ನಾ ತಗೋತೀನಿ."

"ಎಷ್ಟು ತೆಗೆದ್ರೂ ಸಾಸಿವಿ ಕಾಳಿನಷ್ಟು ಸಿಗೂದು ಕಷ್ಟ ಅದಪ್ಪ. ಮಕ್ಕಳ ಮೈ ಕೆಡಿಸಲಿಕ್ಕೆ ಮಾತ್ರ ಅಷ್ಟು ಸಾಕು."

ಅವನು ನಿಟ್ಟುಸಿರು ಬಿಟ್ಟ. "ಬಿಡ್ರಿ ಹಂಗಾದ್ರ. ನನ್ನ ತಕ್ಕಡಿಗೆ ಸಣ್ಣದು ಕಾಣಂಗಿಲ್ಲ. ಮಂದಿ ತಂದ ಐದು ಕಿಲೋ ಕಬ್ಬಿಣನೇ ಅದಕ್ಕ ನಾಲ್ಕು ಕಾಣ್ತದ."

ಅತ್ತೆಯ ಮರ್ಯಾದೆ

ಅತ್ತೆಯ ಓಣಿಯಲ್ಲಿ ಮನೆಮನೆಗೂ ಬಾಟಲಿ ಹಿಡಿದು ಹೋದೆವು. "ನೀವು ಕುಡಿಯೋ ನೀರು ಕೊಡ್ರಿ" ಅಂದರು ಮೇಡಮ್. ಎಲ್ಲರೂ ನಗುನಗುತ್ತ ತುಂಬಿಕೊಟ್ಟರು.

ವರದಿ ಬಂದ ದಿನ ಮೇಡಮ್ ಬೆರಗಾಗಿದ್ದರು. "ಕಾಕಾ, ಇಂಥ ಶುದ್ಧ ನೀರು ಎಲ್ಲೂ ನೋಡಿಲ್ಲ. ಯಂತ್ರ ಚಿಂಚೋಳಿ ಕಡೆ ಹೋಗ್ತದ."

ಅತ್ತೆಗೆ ಕೊಟ್ಟ ಮಾತು ನೆನಪಾಯಿತು. ಜೀಪು ನೇರ ಅತ್ತೆಯ ಮನೆಗೆ ಓಡಿಸಿದೆ.

"ಬೋರಿನ ನೀರೇ ಕೊಟ್ರೇನ್ರಿ ಅವತ್ತು?"

"ಅಯ್ಯ! ಅಳಿಯಂದ್ರು ಕಾಲೇಜಿನ ಮೇಡಮ್‌ಗೆ ಕರ್ಕೊಂಡು ಬಂದಾರ, ಬೋರಿನ ನೀರು ಕೊಡ್ಲಿ? ಮರ್ಯಾದಿ ಬ್ಯಾಡೇನು? ಫಿಲ್ಟರ್ ನೀರಿನ ಕ್ಯಾನ್ ತರಿಸಿ ಓಣಿ ತುಂಬ ಹಂಚೀನಿ!"

ನಾನು ಹೋಗಿ ಹೇಳಿದಾಗ ಮೇಡಮ್ ಬಿದ್ದು ಬಿದ್ದು ನಕ್ಕರು. ಈ ಸಲ ಯಾರನ್ನೂ ಕೇಳದೆ ತಾವೇ ಹೋಗಿ ಬೋರಿನಿಂದ ಬಾಟಲಿ ತುಂಬಿದರು. ಅವರ ಅನುಮಾನ ನಿಜವಾಯಿತು. ಯಂತ್ರ ಓಣಿಗೆ ಬಂತು, ನನ್ನ ಮಾನ ಉಳಿಯಿತು.

ಉದ್ಘಾಟನೆಯ ದಿನ ಮಂದಿಯೆಲ್ಲ ಸೇರಿದ್ದರು. ಅತ್ತೆ ತುಂಬಿದ ಲೋಟ ತಂದು ನನ್ನ ಕೈಗಿಟ್ಟರು. ಗಟಗಟ ಕುಡಿದು, ಕಣ್ಣು ಮುಚ್ಚಿ, ಮೀಸೆ ಒರೆಸಿ ಅಂದೆ: "ಆಹಾ! ನ್ಯಾನೊ ಅಂದ್ರ ಇದು! ಸೀಸ ಇಲ್ಲ, ಕ್ರೋಮಿಯಂ ಇಲ್ಲ. ನನ್ನ ನಾಲಿಗಿ ಮುಂದ ಯಾವ ಲ್ಯಾಬ್ರಿ?" ಚಪ್ಪಾಳೆಯೋ ಚಪ್ಪಾಳೆ.

ಅತ್ತೆ ಹತ್ತಿರ ಬಂದು ಗುಟ್ಟಾಗಿ, ಆದರೆ ಇಡೀ ಓಣಿಗೆ ಕೇಳುವ ಹಾಗೆ ಅಂದರು:

"ಅಳಿಯಂದ್ರ, ಅದು ಕ್ಯಾನಿನ ನೀರ್ರಿ. ಯಂತ್ರದ್ದು ಮೊದಲು ಮೇಡಮ್‌ಗೆ ಕುಡಿಸೀನಿ. ಅವರು ಸಂಜಿತನಕ ಆರಾಮಿದ್ರ ನಿಮಗ ಕೊಡ್ತೀನಿ. ನನಗಿರಾಂವ ಒಬ್ಬನೇ ಅಳಿಯ!"