ಕಡ್ಡಿ ಇಳಿಯುವವರೆಗೆ

ನನ್ನ ಸೋದರಮಾವನನ್ನು ಒಂದು ವಾರ ಮನೆಯಲ್ಲಿಟ್ಟುಕೊಂಡು, ಆಮೇಲೂ ದೇವರ ಮೇಲಿನ ನಂಬಿಕೆ ಉಳಿಸಿಕೊಂಡವರಿಗೆ ಸ್ವರ್ಗದಲ್ಲಿ ಕಿಟಕಿ ಪಕ್ಕದ ಸೀಟು ಖಾತ್ರಿ! ನನಗಂತೂ ಇಷ್ಟು ಹೊತ್ತಿಗೆ ಡ್ರೈವರ್ ಹಿಂದಿನ ಸೀಟೇ ಮೀಸಲಾಗಿರಬೇಕು. ಯಾಕೆಂದರೆ ಗುಂಡ್ಲುಪೇಟೆಯ ಈ ಮಾವ ಚಾಮರಾಜನಗರದ ನಮ್ಮ ಮನೆಗೆ ಮನಸ್ಸು ಬಂದಾಗಲೆಲ್ಲ ಬರುತ್ತಾರೆ. ಬರುವ ಮುಂಚೆ ಫೋನು? ಊಹೂಂ!

"ಹೇಳ್ಬುಟ್ಟು ಬಂದ್ರೆ ನೀನು ನಗ್ತಾ ಬಾಗ್ಲು ತೆಗೀತೀಯ ಕಣವ್ವ. ಹೇಳ್ದೆ ಬಂದಾಗ ನಿನ್ ಮಖ ಎಂಗಿರ್ತದೆ ಅಂತ ನೋಡ್ಬೇಕು."

ನಾನು ಕಾನ್ವೆಂಟಿನಲ್ಲಿ ಓದಿದವಳು. ಕುರ್ಚಿಯನ್ನು ಸದ್ದಿಲ್ಲದೆ ಎಳೆಯುವುದು, ಸಿಟ್ಟು ಬಂದಾಗ ಮೆಲ್ಲಗೆ ಮಾತಾಡುವುದು, ಕರ್ಚೀಫನ್ನು ಅಂಚಿಗೆ ಅಂಚು ಕೂಡಿಸಿ ಮಡಚುವುದು, ಎಲ್ಲವನ್ನೂ ಸಿಸ್ಟರುಗಳು ಕಲಿಸಿದ್ದರು. ಮಾವನನ್ನು ಸಹಿಸುವುದೊಂದನ್ನು ಮಾತ್ರ ಕಲಿಸಿರಲಿಲ್ಲ. ನನ್ನ ರಾಗಿಮುದ್ದೆಯನ್ನು ತಟ್ಟೆಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ಕಾನ್ವೆಂಟ್ ಮುದ್ದೆ ಕಣಪ್ಪ ಇದು! ತಿನ್ನಬೇಕೋ, ಶೋಕೇಸಲ್ಲಿ ಇಡಬೇಕೋ?" ಎನ್ನುವರು. ಆಮೇಲೆ ಎರಡು ತಿನ್ನುವರು.

ಮಾವ ಆಯುಷ್ಯವೆಲ್ಲ ಉಪದೇಶಿಯಾಗಿದ್ದವರು. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ತಲುಪಲಾಗದ ಹಳ್ಳಿಗಳಿಗೆ ಸೈಕಲ್ ತುಳಿದು ಹೋಗಿ ಪ್ರಾರ್ಥನೆ ನಡೆಸುವುದು, ಮಿಕ್ಕ ದಿನ ತಮ್ಮ ತುಂಡು ಹೊಲದಲ್ಲಿ ಅರಿಶಿನ ಬೆಳೆಯುವುದು. ಈಗ ನಮ್ಮ ಚರ್ಚಿನ ಸಭೆಗೆ ಅವರೇ ಹಿರಿಯರು. ಸಭೆಯ ಯಾವ ಹುಡುಗನಾದರೂ ಪಾದ್ರಿಯಾಗಬೇಕೆಂದು ಥಿಯಾಲಜಿ ಕಾಲೇಜಿಗೆ ಹೊರಟರೆ, ಮೊದಲು ಕಮಿಟಿ ಕೂರುತ್ತದೆ. ಎಲ್ಲರ ಭಾಷಣ ಮುಗಿದ ಮೇಲೆ ಮಾವ ಎದ್ದು ನಿಂತು ಒಂದೇ ಮಾತು ಹೇಳುತ್ತಾರೆ. "ಬೆಂದದೆ", ಇಲ್ಲವೇ "ಬೆಂದಿಲ್ಲ." ಬೆಂದಿಲ್ಲ ಎಂದರೆ ಮುಗಿಯಿತು, ಮುಂದಿನ ವರ್ಷ ನೋಡೋಣ! ಮನುಷ್ಯರನ್ನು ಬೇಳೆಯ ಹಾಗೆ ನೋಡುವ ಈ ಪದ್ಧತಿಯನ್ನು ಯಾರೂ ಪ್ರಶ್ನಿಸಿದ್ದಿಲ್ಲ. ಪ್ರಶ್ನಿಸಲು ಮಾವನ ಮುಂದೆ ನಿಲ್ಲಬೇಕಲ್ಲ?

ಅಷ್ಟಕ್ಕೂ ಬೆಂದಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅದಕ್ಕೇ ಮಾವನ ಪರೀಕ್ಷೆಗಳು. ಒಬ್ಬ ಹುಡುಗನನ್ನು ಗುಂಡ್ಲುಪೇಟೆ ಬಸ್ಸಿನಲ್ಲಿ ಕರೆದೊಯ್ದು, ಸಿಕ್ಕ ಸೀಟನ್ನೆಲ್ಲ ಬೇರೆಯವರಿಗೆ ಬಿಡಿಸಿ, ತೆರಕಣಾಂಬಿಯಲ್ಲಿ ಹತ್ತಿದ ಯಾರದ್ದೋ ಕೋಳಿಬುಟ್ಟಿಯನ್ನು ಅವನ ಕೈಗೆ ಕೊಟ್ಟರಂತೆ. ಇಳಿಯುವ ಹೊತ್ತಿಗೆ ಕೋಳಿ ಅವನ ಅಂಗಿಯ ಮೇಲೆ ತನ್ನ ಅಭಿಪ್ರಾಯ ತಿಳಿಸಿತ್ತು. "ಉಪದೇಶಿಗಳೇ, ನಾನು ಬಿ.ಎಡ್. ಮಾಡ್ತೀನಿ" ಎಂದವನು ಈಗ ಒಳ್ಳೆಯ ಮೇಷ್ಟ್ರಾಗಿದ್ದಾನೆ. ಇನ್ನೊಬ್ಬ ನಮ್ಮ ಮನೆಯಲ್ಲೇ ಊಟಕ್ಕೆ ಮುಂಚೆ ಪ್ರಾರ್ಥನೆಗೆ ನಿಂತ. ಅಕ್ಕಿ ಬೆಳೆದವರಿಗಾಗಿ, ಮಳೆಗಾಗಿ, ಮೋಡಗಳಿಗಾಗಿ... ಉಪ್ಸಾರಿನ ಹಬೆ ನಿಂತೇಹೋಯಿತು. ಅವನು ದೂರದೇಶಗಳನ್ನು ತಲುಪುವಷ್ಟರಲ್ಲಿ ಮಾವ ನಡುವೆಯೇ "ಆಮೆನ್!" ಎಂದು ಕೂಗಿ ಮುದ್ದೆ ಮುರಿದೇಬಿಟ್ಟರು.

"ದ್ಯಾವ್ರಿಗೆ ಬೇಗ ಕೇಳ್ತದೆ ಕಣಯ್ಯ. ಆದ್ರೆ ಮುದ್ದೆ ಆರೋಯ್ತದೆ!"

ತಡವಾಗಿ ಬಂದವರ ಪಾಡಂತೂ ಕೇಳುವುದೇ ಬೇಡ. ಆರಾಧನೆಯ ದಿನ ಮಾವ ಗಂಟೆ ಬಾರಿಸುವವನಿಗಿಂತ ಮೊದಲೇ ಬಂದು ಬಾಗಿಲಲ್ಲಿ ಕೂತಿರುತ್ತಾರೆ. ಮೊದಲ ಹಾಡು ಮುಗಿದ ಮೇಲೆ ಒಳಬಂದ ಅಭ್ಯರ್ಥಿಗೆ, "ನಿನ್ನ ಹೆಣದ ಪ್ರಾರ್ಥನೆಗೂ ಪಾದ್ರಿ ತಡವಾಗಿ ಬರ್ಲಿ ಅಂತ ಬೇಡ್ಕತೀಯೇನ್ಲಾ?" ಎಂದಿದ್ದರು. ಅವನದು "ಬೆಂದಿಲ್ಲ" ಎಂದು ಬೇರೆ ಹೇಳಬೇಕೆ?

ಇದೆಲ್ಲ ಪಕ್ಕದ ಮನೆಯ ಹುಡುಗರ ಕತೆಯಾಗಿರುವವರೆಗೆ ನಾನು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ. ಕಳೆದ ವರ್ಷ ನನ್ನ ಮಗನೇ ಕಾಫಿ ಲೋಟ ಕೆಳಗಿಟ್ಟು, "ಅಮ್ಮ, ನಾನು ದೇವರ ಸೇವೆಗೆ ಹೋಗ್ತೀನಿ, ಪಾದ್ರಿ ಆಗ್ತೀನಿ" ಎಂದ. ನನ್ನ ನಗು ಅಲ್ಲೇ ಇಂಗಿಹೋಯಿತು.

ಮಗ ಚೆನ್ನಾಗಿ ಹಾಡುತ್ತಾನೆ, ಗಿಟಾರ್ ನುಡಿಸುತ್ತಾನೆ. ಅವನು ಹಾಡಿದರೆ ಸಭೆಯ ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ. ಕಣ್ಣೊರೆಸಿಕೊಂಡರೋ ಇಲ್ಲವೋ ಎಂದು ಅವನೂ ಒಂದು ಕಣ್ಣು ತೆರೆದು ನೋಡುತ್ತಾನೆ! ತಾಯಿಗೆ ಕಾಣದಿರುತ್ತದೆಯೇ? ಯಾರಾದರೂ ಮೆಚ್ಚದಿದ್ದರೆ ಆ ದಿನವೆಲ್ಲ ಅವನ ಮುಖ ಸುಟ್ಟ ಬದನೆಕಾಯಿ. ಆದರೂ ಅವನ ಆಸೆ ನಿಜವಾದದ್ದೆಂದು ನನಗೆ ಗೊತ್ತಿತ್ತು. ಅದು ಕಮಿಟಿಯ ಮುಂದೆ ಮುರಿದು ಬೀಳಬಾರದೆಂದು ನನ್ನ ಜೀವ ತವಕಿಸುತ್ತಿತ್ತು.

"ಮಾವ, ಸ್ವಲ್ಪ ನೋಡಿಕೊಂಡು ಪರೀಕ್ಷೆ ಮಾಡಿ" ಎಂದು ಬೇಡಿಕೊಂಡೆ.

"ಅರಿಸ್ನ ಬೇಯ್ಸೋದ ನೋಡಿದ್ದೀಯಾ ಅವ್ವ? ಕೊಪ್ಪರಿಗೇಲಿ ಬೇಯೋವಾಗ ಕೊಂಬಿಗೆ ಕಡ್ಡಿ ಚುಚ್ಚಿ ನೋಡ್ತೀವಿ. ಸಲೀಸಾಗಿ ಇಳಿದ್ರೆ ಬೆಂದದೆ, ತೆಗೆದು ಬಿಸಿಲಿಗೆ ಹಾಕ್ತೀವಿ. ಪಾಪ ಅಂತ ಹಸಿಬಿಸಿ ಇರುವಾಗ್ಲೇ ತೆಗೆದ್ಬುಟ್ರೆ? ನೋಡೋಕೆ ಚೆಂದಾಗೇ ಇರ್ತದೆ. ಮೂಟೆ ಕಟ್ಟಿಟ್ಟ ಮ್ಯಾಲೆ ಒಳಗಿಂದ ಹುಳ ಬೀಳ್ತದೆ. ನಿನ್ ಮಗ ನಾಕು ದಿನದ ಪಾದ್ರಿ ಆಗ್ಬೇಕೋ, ಸಾಯೋಗಂಟ ಆಗಿರ್ಬೇಕೋ?"

ನಾನು ಸೆರಗನ್ನು ಅಂಚಿಗೆ ಅಂಚು ಕೂಡಿಸಿ ಮಡಚಿದೆ.

ಮಗನಿಗೆ ಸಿಕ್ಕ ಪರೀಕ್ಷೆ ಕೋಳಿಬುಟ್ಟಿಯಲ್ಲ, ಹಂಗಳದ ಅಜ್ಜಿ! ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗಿರುವ ಆ ಊರಿನ ಅಂಚಿನಲ್ಲಿ ಒಂಟಿಯಾಗಿದ್ದಾರೆ. ಕಿವಿ ಮಂದ, ಬಾಯಿ ಚುರುಕು. ವಾರಕ್ಕೊಮ್ಮೆ ಹೋಗಿ ಅಜ್ಜಿಯನ್ನು ಕಂಡು ಬರಬೇಕು, ಅಷ್ಟೇ. ಮಗ ಮೊದಲ ದಿನ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಗಿಟಾರ್ ಬೆನ್ನಿಗೇರಿಸಿಕೊಂಡು ಬೈಕ್ ಹತ್ತಿದ. ಸಂಜೆ ಬಂದಾಗ ಮುಖ, ಹೇಳಿದೆನಲ್ಲ, ಬದನೆಕಾಯಿ.

"ಅಮ್ಮ, ನಾನು ಕಣ್ಣು ಮುಚ್ಚಿ ಹಾಡ್ತಿದ್ದರೆ ಆಯಮ್ಮ, 'ಯಾವನ್ಲಾ ಅವನು, ಎಮ್ಮೆ ಕಟ್ಟಾಕ್ದೆ ಬುಟ್ಟವ್ನೆ!' ಅಂದ್ರು!"

ನಾನು ನಗಲಿಲ್ಲ. ಅಡುಗೆಮನೆಗೆ ಹೋಗಿ ನಕ್ಕೆ. ಮಾವ ಮಾತ್ರ ಎದುರಿಗೇ ನಕ್ಕರು. "ಮುಂದಿನ ವಾರಾನೂ ಓಗ್ಲಾ. ಬೈಯ್ಯೋರು ಇರೋ ಕಡೆನೇ ಸೇವೆ ಇರೋದು. ಹೊಗಳೋರಿಗೆ ಪಾದ್ರಿ ಯಾಕ್ಲಾ ಬೇಕು?"

ಅವನು ಹೋದ. ಹೋಗುತ್ತಲೇ ಇದ್ದ. ಏನಾಯಿತೆಂದು ಅವನು ಹೇಳಲಿಲ್ಲ, ಬಟ್ಟೆ ಒಗೆಯುವವಳಿಗೆ ಹೇಳಬೇಕಾಗಿಯೂ ಇಲ್ಲ. ಬಿಳಿ ಅಂಗಿಯ ಬದಲು ಹಳೆಯ ಚೌಕಳಿ ಅಂಗಿ ಹೊರಟಿತು. ತೋಳುಗಳಲ್ಲಿ ಮೊದಲು ಸೌದೆಯ ಧೂಳು, ಆಮೇಲೆ ಸಗಣಿಯ ವಾಸನೆ. ಒಂದು ದಿನ ಜೇಬಿನಲ್ಲಿ ಅಡಿಕೆಚೂರು ಸಿಕ್ಕಿತು. ಇವನೇನಾದರೂ ಎಲೆಅಡಿಕೆ ಶುರುಮಾಡಿದನೇ? ಕೇಳಿದರೆ, "ಅಜ್ಜಿಗೆ ಹಲ್ಲಿಲ್ಲಮ್ಮ, ನಾನೇ ಕುಟ್ಟಾಣಿಲಿ ಕುಟ್ಟಿ ಕೊಡ್ತೀನಿ. ನುಣ್ಣಗೆ ಆಗದಿದ್ರೆ ಬೈತಾರೆ" ಎಂದ. ಗಿಟಾರ್ ಬೀರುವಿನ ಮೇಲೇರಿತ್ತು. ಅದರ ಚೀಲದ ಮೇಲಿನ ಧೂಳನ್ನು ನಾನೇ ಒರೆಸಿದೆ.

ಕಮಿಟಿ ಕೂರುವ ಭಾನುವಾರ ಬಂತು. ಹಿಂದಿನ ದಿನವೇ ಬಂದಿಳಿದಿದ್ದ ಮಾವ ಹಜಾರದಲ್ಲಿ ಗೊರಕೆ ಹೊಡೆಯುತ್ತಿದ್ದರು. ನಸುಕಿನಲ್ಲೇ ಮಗನಿಗೆ ಹಂಗಳದ ಪಕ್ಕದಮನೆಯವರ ಫೋನ್. ರಾತ್ರಿ ಆನೆ ಬಂದು ಹಲಸಿನಮರ ಎಳೆದಾಡಿ, ಅಜ್ಜಿಯ ಹಿಂದಿನ ಗೋಡೆ ಕೆಡವಿ ಹೋಗಿತ್ತು. ಅಜ್ಜಿಗೆ ಏನೂ ಆಗಿರಲಿಲ್ಲ, ಆನೆಗೆ ಬೈಯುತ್ತಾ ಅಂಗಳದಲ್ಲಿ ಕೂತಿದ್ದರಂತೆ. "ಆರಾಧನೆ ಹೊತ್ತಿಗೆ ಬಂದುಬಿಡ್ತೀನಮ್ಮ" ಎಂದವನು ಬೈಕ್ ಹತ್ತಿ ಹೊರಟೇಬಿಟ್ಟ. ಇಸ್ತ್ರಿ ಮಾಡಿಟ್ಟ ಬಿಳಿ ಅಂಗಿ ಹ್ಯಾಂಗರಿನಲ್ಲೇ ತೂಗುತ್ತಿತ್ತು.

ಆರಾಧನೆಯ ಹೊತ್ತಿಗೆ ಬರಲಿಲ್ಲ. ಮೊದಲ ಹಾಡು ಮುಗಿಯಿತು, ಅಯ್ಯನವರ ಪ್ರಸಂಗ ಮುಗಿಯಿತು, ಕಾಣಿಕೆ ಚೀಲವೂ ಸುತ್ತಿ ಬಂತು. ಬಾಗಿಲಲ್ಲಿ ಕೂತ ಮಾವ ತಿರುಗಿಯೂ ನೋಡಲಿಲ್ಲ. ನನ್ನ ಕರ್ಚೀಫು ಸಿಸ್ಟರುಗಳು ನೋಡಿದ್ದರೆ ಅಳುವಷ್ಟು ಮುದ್ದೆಯಾಗಿತ್ತು.

ಕಮಿಟಿ ಕೂತಿತು. ನಾವು ಕೆಲವರು ಹಿಂದಿನ ಬೆಂಚಿನಲ್ಲಿದ್ದೆವು. ಅಯ್ಯನವರು ಫೋನಿನಲ್ಲಿ ತಿಳಿದ ವಿಷಯ ಹೇಳಿದರು. ಕಮಿಟಿಯ ಒಬ್ಬರು ಕನ್ನಡಕ ತೆಗೆದು, "ಗೋಡೆ ಕಟ್ಟೋಕೆ ಊರಲ್ಲಿ ಬೇರೆ ಜನ ಇರಲಿಲ್ವಾ? ತನ್ನ ಆಯ್ಕೆಯ ದಿನವೇ ಬಾರದವನು ನಾಳೆ ಸಭೆ ನಡೆಸ್ತಾನಾ?" ಎಂದರು. ಎಲ್ಲರೂ ಮಾವನ ಕಡೆ ತಿರುಗಿದರು. ತಡವಾದವರನ್ನು ಮಾವ ಎಂದೂ ಕ್ಷಮಿಸಿದವರಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನನಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಮಾವ ಮೊಣಕಾಲು ಹಿಡಿದುಕೊಂಡು ಎದ್ದರು. ಗಂಟಲು ಸರಿಮಾಡಿಕೊಂಡರು.

"ಅಲ್ಲಿ ಅವನನ್ನ ಯಾರು ನೋಡ್ತಾವ್ರೆ ಸ್ವಾಮಿ? ಒಂದು ಕಿವುಡಿ ಮುದುಕಿ. ನೋಡೋರೆಲ್ಲ ಇಲ್ಲಿ ಕೂತಿದ್ದೀವಿ. ಗೊತ್ತಿದ್ದೂ ಅಲ್ಲಿಗೋದ." ನನ್ನ ಬೆಂಚಿನ ಕಡೆ ತಿರುಗಿದರು. "ಕಡ್ಡಿ ಇಳೀತು. ಬೆಂದದೆ."

ಕೂತುಬಿಟ್ಟರು. ಅಷ್ಟೆ! ನಾನು ಬೆಂಚಿನಿಂದ ಎದ್ದಾಗ ಸದ್ದಾಯಿತು. ಆಗಲಿ ಬಿಡಿ.

ಮಧ್ಯಾಹ್ನ ಮಗ ಬಂದಾಗ ಚರ್ಚಿನ ಅಂಗಳದಲ್ಲಿ ಮಾವ, ನಾನು ಇಬ್ಬರೇ ಕಾದಿದ್ದೆವು. ಮೊಣಕಾಲುದ್ದ ಕೆಸರು, ತಲೆಯಲ್ಲಿ ಹಲಸಿನೆಲೆ. ಮುಚ್ಚಿದ ಬಾಗಿಲು ನೋಡಿ ಎಲ್ಲ ಮುಗಿಯಿತೆಂದುಕೊಂಡ. "ತಪ್ಪಾಯ್ತು ತಾತ. ಬಿದ್ದ ಗೋಡೆಗೆ ಬಿದಿರಿನ ತಡಿಕೆ ಕಟ್ಟಿ ಬರೋ ಹೊತ್ತಿಗೆ..." ಎಂದು ತಲೆತಗ್ಗಿಸಿ ನಿಂತ.

ಮಾವ ಅವನ ತೋಳು ಹಿಡಿದರು. ನಲ್ಲಿಯ ಹತ್ತಿರ ಕರೆದೊಯ್ದು ಕಟ್ಟೆಯ ಮೇಲೆ ಕೂರಿಸಿದರು. ಬಕೆಟ್ಟಿನಿಂದ ಚೊಂಬಿನಲ್ಲಿ ನೀರು ಮೊಗೆದು, ಮಡಚಲು ಬಾರದ ಆ ಮೊಣಕಾಲನ್ನು ಹೇಗೋ ಮಡಚಿ ನೆಲಕ್ಕೆ ಕೂತು, ಅವನ ಪಾದಕ್ಕೆ ಹುಯ್ದರು.

"ಅಯ್ಯೋ ತಾತ, ನೀವ್ಯಾಕೆ, ಬಿಡಿ!"

"ಸುಮ್ಕಿರ್ಲಾ. ಒಣಗ್ಬುಟ್ರೆ ಬುಡಾಕಿಲ್ಲ ಇದು."

ನಾನು ಟವೆಲ್ ಹಿಡಿದು ನಿಂತಿದ್ದೆ. ಮಾವನ ಉಗುರುಗಳ ಸಂದಿನಲ್ಲಿ ಎಷ್ಟು ತೊಳೆದರೂ ಹೋಗದ ಅರಿಶಿನ. ಆ ಕೈ ನನ್ನ ಮಗನ ಹಿಮ್ಮಡಿಯನ್ನು ಮೆಲ್ಲಗೆ, ತುಂಬ ಮೆಲ್ಲಗೆ ಉಜ್ಜುತ್ತಿತ್ತು. ಇಷ್ಟು ವರ್ಷ ಈ ಮನುಷ್ಯನನ್ನು ನಮ್ಮ ಮನೆಗೆ ಹೇಳದೆ ಕೇಳದೆ ಕಳಿಸಿದ್ದಕ್ಕೆ ದೇವರಿಗೆ ನಾನು ಒಮ್ಮೆಯೂ ಸರಿಯಾಗಿ ವಂದನೆ ಹೇಳಿರಲಿಲ್ಲ. ಆ ನಲ್ಲಿಯ ಪಕ್ಕದಲ್ಲಿ ನಿಂತು ಹೇಳಿದೆ. ಚಿಕ್ಕದಾಗಿ, ಮುದ್ದೆ ಆರದಷ್ಟು.

ಮಗನ ಕಣ್ಣು ತುಂಬಿತ್ತು. ಯಾರು ನೋಡುತ್ತಿದ್ದಾರೆಂದು ಅವನು ನೋಡಲಿಲ್ಲ.

"ಬೆಂದದ್ದೇನೋ ಆಯ್ತು ಕಣ್ಲಾ" ಎಂದರು ಮಾವ, ಇನ್ನೊಂದು ಪಾದವನ್ನು ಅಂಗೈಗೆ ತೆಗೆದುಕೊಳ್ಳುತ್ತಾ. "ಇನ್ನು ಬಿಸಿಲಿಗೆ ಹಾಕೋದೊಂದು ಬಾಕಿ ಅದೆ."