ಬ್ರೇಕ್ ಮೇಷ್ಟ್ರ ಮನೆಗಾಡಿ

ಎಲ್ಲ ರಗಳೆಗೂ ಮೂಲ ಆ ಎಡಗಡೆ ಸೀಟು.

ಬ್ರೇಕ್ ಮೇಷ್ಟ್ರು ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಕಲಿಯುವವರು ಬಲಗಡೆ ಸ್ಟೀರಿಂಗ್ ಹಿಡಿದು ಬೆವರುತ್ತಿದ್ದರೆ, ಮೇಷ್ಟ್ರು ಎಡಗಡೆ ಸೀಟಿನಲ್ಲಿ ಎದೆಯ ಮೇಲೆ ಕೈಕಟ್ಟಿಕೊಂಡು ಕೂರುವವರು. ಅವರ ಕಾಲಡಿ ಒಂದು ಹೆಚ್ಚುವರಿ ಬ್ರೇಕು. ಎದುರಿಗೆ ನಾಯಿ ಬರಲಿ, ನಾಯಿಯ ನೆರಳು ಬರಲಿ, ಅದನ್ನು ಒತ್ತುವುದೇ ಅವರ ವಿದ್ಯೆ. ಆ ಅಡ್ಡಹೆಸರು ಬಂದದ್ದೂ ಹಾಗೇ. ಪಾಠದ ಗಾಡಿ ಬಿಟ್ಟರೆ ಅವರ ಓಡಾಟವೆಲ್ಲ ಸೈಕಲ್ಲಿನಲ್ಲಿ. ತಾವೇ ಸ್ಟೀರಿಂಗ್ ಹಿಡಿದು ಎಷ್ಟು ವರ್ಷವಾಗಿತ್ತೋ, ದೇವರೇ ಬಲ್ಲ.

ಹೀಗಿರುವಾಗ ಅವರ ಹೆಂಡತಿಗೆ ಸೋಪಿನ ಪುಡಿ ಕಂಪನಿಯ ಬಹುಮಾನ ಹೊಡೆಯಿತು. ವಿದೇಶಕ್ಕೆ ಮೂರು ಟಿಕೆಟು, ಅಲ್ಲಿ ಸುತ್ತಾಡಲು ಒಂದು ವಾರಕ್ಕೆ ಮನೆಗಾಡಿ. ಅಂದರೆ ವ್ಯಾನಿನೊಳಗೇ ಮಂಚ, ಒಲೆ, ಸಿಂಕು, ಪಾತ್ರೆಯ ಕಪಾಟು, ಎಲ್ಲ ಇರುವ ಗಾಡಿ. ರಸ್ತೆಯ ಎದುರುಗಡೆ ಇನ್ನೊಂದು ಡ್ರೈವಿಂಗ್ ಸ್ಕೂಲ್ ಇಟ್ಟಿದ್ದ ಮೀಸೆ ಮೇಷ್ಟ್ರು ಸುದ್ದಿ ಕೇಳಿ ಬೀದಿಗೆಲ್ಲ ಕೇಳುವಂತೆ ನಕ್ಕರು.

"ಅಲ್ಲಿ ಡ್ರೈವರ್ ಯಾರನ್ನ ಇಟ್ಕೋತೀರಿ ಮೇಷ್ಟ್ರೇ?"

"ಯಾಕೆ? ನಾನೇ ಓಡಿಸ್ತೀನಿ."

"ನೀವಾ? ನಿಲ್ಲಿಸೋದು ಬಿಟ್ರೆ ನಿಮಗೆ ಬೇರೇನಾದ್ರೂ ಬರುತ್ತಾ?"

ಮಾತಿಗೆ ಮಾತು ಬೆಳೆದು ಪಂದ್ಯವೇ ಆಗಿಹೋಯಿತು. ಆ ದೇಶದ ತುದಿಯಲ್ಲಿ, ಸಮುದ್ರದಂಡೆಯಲ್ಲಿ ಒಂದು ದೀಪಸ್ತಂಭ. ಬೆಳಿಗ್ಗೆ ಹೊರಟು ಸೂರ್ಯ ಮುಳುಗುವುದರೊಳಗೆ, ಸ್ಟೀರಿಂಗ್ ಬೇರೆಯವರ ಕೈಗೆ ಕೊಡದೆ, ಮೇಷ್ಟ್ರು ಅದನ್ನು ಮುಟ್ಟಬೇಕು. ಸೋತವರು ಗೆದ್ದವರ ಆಳೆತ್ತರದ ಫೋಟೋವನ್ನು ತಮ್ಮ ಸ್ಕೂಲಿನ ಬಾಗಿಲಲ್ಲಿ ಒಂದು ವರ್ಷ ತೂಗುಹಾಕಬೇಕು.

"ದಿನಾ ಬೆಳಿಗ್ಗೆ ಬೀಗ ತೆಗೆಯೋವಾಗ ಆ ಮೀಸೆ ದರ್ಶನ ಆಗ್ಬೇಕಾ? ಅದಕ್ಕಿಂತ ಸನ್ಯಾಸ ವಾಸಿ," ಎಂದು ಮೇಷ್ಟ್ರು ವಿಮಾನದುದ್ದಕ್ಕೂ ಗೊಣಗಿದರು.

ಪಂದ್ಯದ ದಿನ ಬೆಳಿಗ್ಗೆ ಎಂಟಕ್ಕೆ ಮನೆಗಾಡಿಯ ಬಾಗಿಲು ತೆಗೆದು ನೋಡುತ್ತಾರೆ, ಆ ದೇಶದಲ್ಲಿ ಸ್ಟೀರಿಂಗ್ ಇರುವುದೇ ಎಡಗಡೆ! ಮೇಷ್ಟ್ರಿಗೆ ಖುಷಿಯೋ ಖುಷಿ.

"ನೋಡೇ, ಇಡೀ ದೇಶ ನನ್ನ ಸೀಟಿಗೇ ಬಂದ್ಬಿಟ್ಟಿದೆ," ಎಂದು ಹೆಂಡತಿಗೆ ಹೇಳಿ ಠೀವಿಯಿಂದ ಹತ್ತಿ ಕೂತರು.

ಕೂತದ್ದೇ ತಡ, ಇಪ್ಪತ್ತೆರಡು ವರ್ಷದ ಅಭ್ಯಾಸ ಮೈಮೇಲೆ ಬಂದುಬಿಟ್ಟಿತು. ಇಂಜಿನ್ ಶುರುವಾಗಿ ಗಾಡಿ ಮುಂದಕ್ಕೆ ಸರಿಯಿತೋ ಇಲ್ಲವೋ, ಕೈಗಳು ತಾವಾಗಿ ಹೋಗಿ ಎದೆಯ ಮೇಲೆ ಕಟ್ಟಿಕೊಂಡವು. ಬಾಯಿ, ಬಲಗಡೆ ಕೂತಿದ್ದ ಹೆಂಡತಿಗೆ ಪಾಠ ಶುರುಮಾಡಿತು.

"ಕ್ಲಚ್ ನಿಧಾನಕ್ಕೆ ಬಿಡಮ್ಮಾ. ಹೆದರ್ಕೋಬೇಡ. ಸ್ಟೀರಿಂಗ್ ನೆಟ್ಟಗೆ ಹಿಡ್ಕೋ."

"ಅಯ್ಯೋ ರೀ! ಸ್ಟೀರಿಂಗ್ ಇರೋದು ನಿಮ್ಮ ಮುಂದೆ!" ಎಂದು ಹೆಂಡತಿ ಕಿರುಚಿದಳು.

ಗಾಡಿ ಆಗಲೇ ಯಾರದೋ ಹೂಕುಂಡಗಳ ಸಾಲಿಗೆ ಮೂಗು ತೂರಿಸಲು ಹೊರಟಿತ್ತು. ಮೇಷ್ಟ್ರು ಬ್ರೇಕ್ ಒತ್ತಿದರು. ಹಿಂದೆ ಕಪಾಟು ತೆರೆದುಕೊಂಡು ಬಾಣಲೆ, ತಟ್ಟೆ, ಲೋಟ ಎಲ್ಲ ಒಂದರ ಹಿಂದೊಂದು ಮೆರವಣಿಗೆ ಹೊರಟವು. ಮೂರನೇ ಟಿಕೆಟಿನಲ್ಲಿ ಬಂದು ಮೇಲಿನ ಮಂಚದಲ್ಲಿ ಮಲಗಿದ್ದ ಭಾವಮೈದುನ ದೊಪ್ಪನೆ ಅವುಗಳ ಮೇಲೆ ಬಿದ್ದ.

"ದೀಪಸ್ತಂಭ ಬಂತಾ ಭಾವ?" ಎಂದ, ಕಣ್ಣುಜ್ಜುತ್ತ.

"ಇನ್ನೂ ಗೇಟೇ ದಾಟಿಲ್ಲ ಕಣೋ," ಎಂದಳು ಅವನ ಅಕ್ಕ.

ಭಾವಮೈದುನನಿಗೆ ಇದ್ದದ್ದು ಒಂದೇ ಕೆಲಸ, ಫೋನು ನೋಡಿ ದಾರಿ ಹೇಳುವುದು. ಅವನೋ, ತಿರುವು ದಾಟಿದ ಮೇಲೆ "ಅಲ್ಲೇ ತಿರುಗ್ಬೇಕಿತ್ತು ಭಾವ" ಎನ್ನುವ ಗಿರಾಕಿ. ಮೇಷ್ಟ್ರು ಇಂಡಿಕೇಟರ್ ಹಾಕಲು ಹೋದರೆ ವೈಪರ್ ಕುಣಿಯಿತು. ಎಲೆ ಉದುರಿದರೆ ಬ್ರೇಕು, ಪಾರಿವಾಳ ಕೆಮ್ಮಿದರೆ ಬ್ರೇಕು. ಹಿಂದೆ ಬರುತ್ತಿದ್ದವರು ಹಾರ್ನ್ ಬಜಾಯಿಸಿದರು, ಗಾಜು ಇಳಿಸಿ ತಮ್ಮ ಭಾಷೆಯಲ್ಲಿ ಏನೇನೋ ಅಂದರು. ಭಾಷೆ ಬಾರದಿದ್ದರೇನು, ಬೈಗುಳ ಮಾತ್ರ ಯಾರಿಗಾದರೂ ಅರ್ಥವಾಗುತ್ತದೆ. ಒಬ್ಬ ಲಾರಿಯವನಂತೂ ಇಳಿದೇ ಬಂದು, ಮೇಷ್ಟ್ರ ಕಾಲನ್ನೂ ತನ್ನ ತಲೆಯನ್ನೂ ಒಂದಾದ ಮೇಲೊಂದು ತೋರಿಸಿ, ಕೈಮುಗಿದು ಹೋದ.

"ಏನಂತೆ ಅವನಿಗೆ?"

"ಕಾಲಿಡೋ ಮುಂಚೆ ತಲೆ ಓಡಿಸಿ ಅಂತಿರ್ಬೇಕು ಭಾವ."

ಹನ್ನೊಂದು ಗಂಟೆಗೆ ಒಂದು ಪೆಟ್ರೋಲ್ ಬಂಕ್ ಸೇರುವಷ್ಟರಲ್ಲಿ ಮೇಷ್ಟ್ರ ಅಂಗಿ ಹಿಂಡಿದರೆ ಬಕೆಟ್ ತುಂಬುವಂತಿತ್ತು. ಬಂದದ್ದು ಮೂವತ್ತು ಕಿಲೋಮೀಟರು, ಉಳಿದದ್ದು ನೂರೆಂಬತ್ತು. ಮುಖ ತೊಳೆಯಲು ಹೋಗಿ ಕನ್ನಡಿ ನೋಡಿಕೊಂಡರೆ, ತಮ್ಮ ಮುಖದ ಮೇಲೆ ಆ ದರಿದ್ರ ಮೀಸೆಯೇ ಮೂಡಿದಂತೆ ಕಂಡಿತು. ಅಳು ಬಂದುಬಿಟ್ಟಿತು. ನಲ್ಲಿ ಜೋರಾಗಿ ಬಿಟ್ಟುಕೊಂಡು ಎರಡು ನಿಮಿಷ ಅತ್ತೇ ಅತ್ತರು. ಆಮೇಲೆ ಮೂಗೊರೆಸಿಕೊಂಡು ಹೊರಗೆ ಬಂದರು.

"ಸತ್ರೂ ಸರಿ, ಸ್ಟೀರಿಂಗ್ ಯಾರಿಗೂ ಕೊಡಲ್ಲ."

"ಯಾರು ಕೇಳಿದ್ರು ರೀ? ಹತ್ತಿ, ಹೊತ್ತಾಯ್ತು," ಎಂದಳು ಹೆಂಡತಿ.

ಅಲ್ಲಿಂದ ಮುಂದೆ ನಡೆದದ್ದು ಪವಾಡವೇ ಸರಿ. ಹಾರ್ನುಗಳು ನಿಂತವು. ಹಿಂದಿನ ಗಾಡಿಗಳು ಮಾರು ದೂರದಲ್ಲಿ, ಮದುವೆ ದಿಬ್ಬಣದ ಹಾಗೆ ಮೆಲ್ಲಗೆ ಬಂದವು. ಮುಂದೆ ದಾಟಿ ಹೋದವರೆಲ್ಲ ನಕ್ಕು, ಹೆಬ್ಬೆರಳು ಎತ್ತಿ ತೋರಿಸಿದರು. ಒಂದು ದೊಡ್ಡ ವೃತ್ತದಲ್ಲಿ ಹೊರಬೀಳುವ ದಾರಿ ತಿಳಿಯದೆ ಮೇಷ್ಟ್ರು ಹನ್ನೊಂದು ಸುತ್ತು ಹಾಕಿದಾಗ, ಪೊಲೀಸಮ್ಮನೊಬ್ಬಳು ನಾಲ್ಕೂ ಕಡೆಯ ವಾಹನ ತಡೆದು, ಬಾ ಬಾ ಎಂದು ಕೈಬೀಸಿ ಹೊರಗೆ ಕಳಿಸಿಕೊಟ್ಟಳು.

"ನೋಡಿದ್ಯಾ?" ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. "ಇಲ್ಲಿನ ಜನಕ್ಕೆ ವಿದ್ಯೆಯ ಬೆಲೆ ಗೊತ್ತು. ನಾನು ಸಾಮಾನ್ಯ ಡ್ರೈವರ್ ಅಲ್ಲ ಅಂತ ಕಂಡುಹಿಡಿದ್ಬಿಟ್ಟಿದ್ದಾರೆ."

"ಹೂಂ ರೀ, ಕಂಡುಹಿಡಿದಿದ್ದಾರೆ," ಎಂದಳು ಹೆಂಡತಿ. ಹಿಂದಿನಿಂದ ಭಾವಮೈದುನ ಅದ್ಯಾಕೋ ಕೆಮ್ಮಿದ.

ನಾಲ್ಕು ಗಂಟೆಗೆ ಅವನ ಫೋನಿನ ಕೃಪೆಯಿಂದ ಒಂದು ಸಂದಿಗೆ ನುಗ್ಗಿದರು. ಎರಡೂ ಕಡೆ ಕಲ್ಲುಗೋಡೆ, ಎದುರಿಗೆ ಒಂದು ಟ್ರ್ಯಾಕ್ಟರು. ಇನ್ನೂರು ಗಜ ಹಿಂದಕ್ಕೇ ಹೋಗಬೇಕು. ಮೇಷ್ಟ್ರು ರಿವರ್ಸ್ ಗೇರ್ ಹುಡುಕತೊಡಗಿದರು. ಅಷ್ಟರಲ್ಲಿ ಟ್ರ್ಯಾಕ್ಟರಿನವನು ಇಳಿದು, ಗಾಡಿಯ ಹಿಂದಕ್ಕೆ ಹೋಗಿ ನೋಡಿ, ಅಯ್ಯೋ ಪಾಪ ಎನ್ನುವ ಹಾಗೆ ಎದೆ ಮುಟ್ಟಿಕೊಂಡು ಬಂದು, ತಾನೇ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆದು ದಾರಿ ಬಿಟ್ಟ. ಸಂದಿ ದಾಟಿದಾಗ ಬಸ್ ಸ್ಟಾಪಿನಲ್ಲಿದ್ದ ಐದಾರು ಅಜ್ಜಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಕಿಟಕಿಯಿಂದ ತಲೆ ಹೊರಗೆ ಹಾಕಿ ಮಂತ್ರಿಗಳ ಹಾಗೆ ನಮಸ್ಕಾರ ಮಾಡಿದರು.

ಮರ್ಯಾದೆ ಸಿಕ್ಕಿದರೆ ಮನುಷ್ಯನಿಗೆ ಎಲ್ಲಿಲ್ಲದ ಧೈರ್ಯ ಬರುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಮೇಷ್ಟ್ರ ಬಲಗಾಲು ಬ್ರೇಕ್ ಬಿಟ್ಟು ಪಕ್ಕಕ್ಕೆ ಸರಿಯಿತು. ಗಾಡಿ ಹಾರಿತು! ಹಿಂದೆ ತಟ್ಟೆ ಲೋಟ ತಾಳ ಹಾಕಿದವು, ಭಾವಮೈದುನ ಹಾಡು ಹೇಳಿದ, ಹೆಂಡತಿ ಕಣ್ಣು ಮುಚ್ಚಿ ಗೊತ್ತಿದ್ದ ದೇವರನ್ನೆಲ್ಲ ಕರೆದಳು. ಸೂರ್ಯ ನೀರಿನಿಂದ ಇನ್ನೂ ಎರಡು ಬೆರಳು ಮೇಲಿರುವಾಗಲೇ ಮನೆಗಾಡಿ ಹೋಗಿ ದೀಪಸ್ತಂಭದ ಬುಡದಲ್ಲಿ ನಿಂತಿತು.

"ಹಚ್ಚೋ ವಿಡಿಯೋ ಕಾಲ್! ಆ ಮೀಸೆಗೆ ಹಚ್ಚು!"

ಭಾವಮೈದುನ ಫೋನ್ ಹಿಡಿದ. ತೆರೆಯ ಮೇಲೆ ಮೀಸೆ ಮೇಷ್ಟ್ರು ಮೂಡಿದರು. ಅವರ ಹಿಂದೆ ಅರ್ಧ ಬೀದಿಯೇ ನೆರೆದಿತ್ತು.

"ನೋಡ್ರೀ! ಅಗೋ ದೀಪಸ್ತಂಭ, ಅಗೋ ಸೂರ್ಯ! ನಾನೊಬ್ಬನೇ ಓಡಿಸಿದ್ದು. ಕೇಳಿ ಬೇಕಾದ್ರೆ ಇವಳನ್ನ!"

"ಹೌದು, ಅವರೊಬ್ಬರೇ ಓಡಿಸಿದ್ದು," ಎಂದು ಹೆಂಡತಿ ಸಾಕ್ಷಿ ಹೇಳಿದಳು.

"ಗಾಡಿ ಜಜ್ಜಿ ಬಜ್ಜಿಯಾಗಿರ್ಬೇಕಲ್ಲ?" ಎಂದರು ಮೀಸೆ ಮೇಷ್ಟ್ರು.

"ಬಜ್ಜಿನಾ? ನೋಡಿ ಕಣ್ತುಂಬ!" ಮೇಷ್ಟ್ರು ಗಾಡಿಯ ಹಿಂಬದಿಗೆ ಓಡಿ, ಫೋನಿನ ಕಡೆ ಮುಖಮಾಡಿ, ಎದೆಯುಬ್ಬಿಸಿ ನಿಂತು, ಹಿಂಬಾಗಿಲಿನ ಮೇಲೆ ಅಂಗೈ ಊರಿದರು. "ಒಂದೇ ಒಂದು ಗೀರು ತೋರ್ಸಿ ನೋಡೋಣ!"

ಆ ಕಡೆ ಇಡೀ ಬೀದಿ ಹೊಟ್ಟೆ ಹಿಡಿದುಕೊಂಡು ನಗತೊಡಗಿತು. ಮೇಷ್ಟ್ರು ತಿರುಗಿ ನೋಡಿದರು. ಅವರ ಅಂಗೈ ಪಕ್ಕದಲ್ಲೇ, ಊಟದ ತಟ್ಟೆಯಷ್ಟು ದೊಡ್ಡದಾಗಿ, ಕೆಂಪನೆಯ 'ಎಲ್' ಬೋರ್ಡು. ಅವರ ಸ್ಕೂಲಿನ ಗಾಡಿಗೆ ಕಲಿಯುವವರಿಗಾಗಿ ಅಂಟಿಸುವಂಥದ್ದೇ.

"ಇದು... ಇದ್ಯಾರು..."

"ನಾನೇ ರೀ. ಬಂಕಿನ ಅಂಗಡೀಲಿ ಮಾರ್ತಿದ್ರು. ಅದನ್ನ ಅಂಟಿಸಿದ್ಮೇಲೆ ಒಬ್ರಾದ್ರೂ ಬೈದ್ರಾ ಹೇಳಿ? ಚಿಕ್ಕದೂ ಇತ್ತು, ನಿಮ್ಮ ಓಡಿಸೋ ಚೆಂದ ನೋಡಿ ದೊಡ್ಡದೇ ತಂದೆ."

ಮೀಸೆ ಮೇಷ್ಟ್ರು ಕಣ್ಣೊರೆಸಿಕೊಂಡರು. "ಒಪ್ಪಿದೆ ಮೇಷ್ಟ್ರೇ, ನೀವೇ ಗೆದ್ರಿ. ನಾನು ಮಾತಿಗೆ ತಪ್ಪೋನಲ್ಲ. ನಾಳೆಯಿಂದ ನನ್ನ ಬಾಗಿಲಲ್ಲಿ ನಿಮ್ಮ ಫೋಟೋ, ಇದೇ ಭಂಗೀಲಿ. ಆಗ್ಲೇ ತೆಗ್ದಿಟ್ಕೊಂಡೆ."

"ಬೇಡ ಬೇಡ!" ಮೇಷ್ಟ್ರು ಫೋನಿಗೇ ಕೈಮುಗಿದರು. "ನಾನೇ ಸೋತೆ ಅಂತ ಬರ್ಕೊಡ್ತೀನಿ. ನಿಮ್ಮ ಫೋಟೋನೇ ನನ್ನ ಬಾಗಿಲಿಗೆ ಹಾಕ್ತೀನಿ, ಮೀಸೆ ಸಮೇತ! ದಿನಾ ಹಾರ ಹಾಕ್ತೀನಿ!"

"ಛೆ ಛೆ, ಎಲ್ಲಾದ್ರೂ ಉಂಟಾ? ಗೆದ್ದೋರು ಗೆದ್ದೋರೇ," ಎಂದರು ಮೀಸೆ ಮೇಷ್ಟ್ರು. "ಆಳೆತ್ತರ ಅಂತ ಮಾತಾಗಿತ್ತಲ್ವಾ? ನಿಮ್ಮ ಸಾಧನೆಗೆ ಅದು ಸಾಲ್ದು, ಎರಡಾಳೆತ್ತರಕ್ಕೇ ಹಾಕಿಸ್ತೀನಿ."